ಲಿಂಕ್ ಒತ್ತಿದರೆ ಪುಟ ಸಿಗುತ್ತಿಲ್ಲ: ಕೈಯಲ್ಲಿ ಕಟ್ಟಿದ ಸಂಘದ ವೆಬ್‌ಸೈಟಿನ ದೋಷ ಹುಡುಕುವ ಬಗೆ

ಆಗಸ್ಟ್ 3, ಕೊಡವರ ಕಕ್ಕಡ ತಿಂಗಳ ಹದಿನೆಂಟು. ಬೆಳಿಗ್ಗೆ ಏಳೂವರೆಗೆ ಬೆಂಗಳೂರಿನಿಂದ ಚಿಕ್ಕಮ್ಮನ ವಾಟ್ಸಾಪ್ ಬಂದಿತ್ತು. "ಊರಿಂದ ಮದ್ದು ಸೊಪ್ಪು ಬಂದಿದೆ. ಪಾಯಸದ ಅಳತೆ ನೋಡೋಣ ಅಂದ್ರೆ ನಿಮ್ಮ ಸಂಘದ ಪುಟ ತೆರೀತಾನೇ ಇಲ್ಲ ಮಾರಾಯ."

ಕೊಡಗಿನವರಿಗೆ ಈ ದಿನ ಗೊತ್ತು. ಮದ್ದು ಸೊಪ್ಪಿನಲ್ಲಿ ಅವತ್ತು ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಅನ್ನುವ ನಂಬಿಕೆ. ಸೊಪ್ಪು ಬೇಯಿಸಿ ಸೋಸಿದರೆ ಕಡು ನೇರಳೆ ಬಣ್ಣದ ನೀರು ಬರುತ್ತದೆ, ಅದರಲ್ಲೇ ಪಾಯಸ. ನಮ್ಮ ಚಾರಣ ಸಂಘದ ವೆಬ್‌ಸೈಟಿನಲ್ಲಿ ಈ ಬಗ್ಗೆ ಒಂದು ಬರಹ ಇದೆ. ವರ್ಷದಲ್ಲಿ ಬೇರೆ ದಿನ ಅದನ್ನು ಕೇಳುವವರು ಕಡಿಮೆ. ಈ ಒಂದು ದಿನ ಮಾತ್ರ ಎಲ್ಲರೂ ಅದನ್ನೇ ಹುಡುಕುತ್ತಾರೆ. ಅದೇ ದಿನ ಅದು ಸಿಗಲಿಲ್ಲ.

ನಮ್ಮ ಸೈಟ್ ಕೈಯಲ್ಲಿ ಕಟ್ಟಿದ್ದು. ಒಂದು ಬರಹಕ್ಕೆ ಒಂದು ಎಚ್‌ಟಿಎಂಎಲ್ ಫೈಲ್, ಎಲ್ಲವೂ ಒಂದೇ ಫೋಲ್ಡರಿನಲ್ಲಿ, ಮುಖಪುಟದಲ್ಲಿ ಅವುಗಳ ಲಿಂಕ್. ಎಂಬತ್ತು ಚಿಲ್ಲರೆ ಬರಹಗಳಿವೆ. ಫೈಲುಗಳಿಗೂ ಕನ್ನಡದಲ್ಲೇ ಹೆಸರಿಟ್ಟಿದ್ದೆವು. ಜೂನ್‌ನಲ್ಲಿ ಹೋಸ್ಟಿಂಗ್ ಬದಲಿಸಿದಾಗ ನಾನೇ ಮುಖಪುಟ ತೆರೆದು, ಮಾಂದಲಪಟ್ಟಿ, ಅಬ್ಬಿ, ಪುಷ್ಪಗಿರಿ ಪುಟಗಳನ್ನು ನೋಡಿ, ಎಲ್ಲ ಸರಿ ಇದೆ ಅಂದುಕೊಂಡಿದ್ದೆ. ಸರಿ ಇರಲಿಲ್ಲ. ಆ ದೋಷ ಹೇಗೆ ಸಿಕ್ಕಿತು ಅನ್ನುವುದನ್ನು ಇಲ್ಲಿ ಬರೆಯುತ್ತೇನೆ. ಸಂಘಕ್ಕೋ, ಶಾಲೆಗೋ, ದೇವಸ್ಥಾನಕ್ಕೋ ಹೀಗೆ ಸ್ವಂತವಾಗಿ ಸೈಟ್ ಮಾಡಿಕೊಟ್ಟವರು ತುಂಬ ಜನ ಇದ್ದೀರಿ. ಕನ್ನಡದಲ್ಲಿ ಫೈಲ್ ಹೆಸರಿಟ್ಟವರಿಗಂತೂ ಇದು ಯಾವತ್ತಾದರೂ ಎದುರಾಗಬಹುದು.

ಮೊದಲು ಪರದೆಯಲ್ಲಿ ಏನಿದೆ ಅಂತ ಓದಿ

ತೊಂದರೆ ಹೇಳುವವರು "ಓಪನ್ ಆಗ್ತಿಲ್ಲ" ಅಂತಷ್ಟೇ ಹೇಳುತ್ತಾರೆ. ಆ ಒಂದು ಮಾತಿನಲ್ಲಿ ಐದಾರು ಬೇರೆ ಬೇರೆ ಕಾಯಿಲೆಗಳು ಸೇರಿರುತ್ತವೆ. ಅದಕ್ಕೆ ಸ್ಕ್ರೀನ್‌ಶಾಟ್ ಕೇಳಿ. ಏನೂ ಮುಟ್ಟುವ ಮೊದಲು ಕೇಳಿ.

404 ಅಂತ ಬಂದಿದ್ದರೆ ಅರ್ಧ ಸಮಾಧಾನ. ಸರ್ವರ್ ಸಿಕ್ಕಿದೆ, ಉತ್ತರ ಕೊಟ್ಟಿದೆ, "ಈ ಹೆಸರಿನ ಪುಟ ನನ್ನ ಹತ್ತಿರ ಇಲ್ಲ" ಅಂದಿದೆ. ಅಂದರೆ ನೆಟ್‌ವರ್ಕ್ ಸರಿ ಇದೆ, ಡೊಮೇನ್ ಹೆಸರಿನ ಅವಧಿ ಮುಗಿದಿಲ್ಲ, ಹೋಸ್ಟಿಂಗ್ ನಡೆಯುತ್ತಿದೆ. ಹುಡುಕಬೇಕಾದ್ದು ಹೆಸರು ಮತ್ತು ದಾರಿ, ಅಷ್ಟೇ.

ಸರ್ವರ್ರೇ ಸಿಗಲಿಲ್ಲ ಅಂತ ಬಂದರೆ ಅದು ಬೇರೆ ವಿಷಯ. ನಮ್ಮ ಕಡೆ ಮಳೆಗಾಲದಲ್ಲಿ ಮೊದಲು ನೆಟ್‌ವರ್ಕನ್ನೇ ಅನುಮಾನಿಸಬೇಕು. ಮರ ಬಿದ್ದು ಕರೆಂಟ್ ಹೋಗಿ ಎರಡು ದಿನ ಆದರೆ ಟವರ್ ಕೂಡ ನಿಲ್ಲುತ್ತದೆ. ಬೇರೆ ಯಾವುದಾದರೂ ಸೈಟ್ ತೆರೆಯುತ್ತದಾ ನೋಡಿ. ಬೇರೆಯದೆಲ್ಲ ತೆರೆದು ನಿಮ್ಮದು ಮಾತ್ರ ಇಲ್ಲ ಅಂದರೆ ಡೊಮೇನ್ ನವೀಕರಿಸಿದ್ದೀರಾ ಅಂತ ನೋಡಿ.

403 ಬಂದರೆ ಫೈಲ್ ಇದೆ, ಓದುವ ಅನುಮತಿ ಇಲ್ಲ. ಸಾಮಾನ್ಯವಾಗಿ ಅನುಮತಿಯ ಸಂಖ್ಯೆ ಫೈಲಿಗೆ 644, ಫೋಲ್ಡರಿಗೆ 755 ಇದ್ದರೆ ಸಾಕು. 500 ಬಂದರೆ ಸರ್ವರ್ ಸೂಚನೆಯ ಫೈಲನ್ನು ಯಾರೋ ಈಗಷ್ಟೇ ಮುಟ್ಟಿದ್ದಾರೆ ಅಂತ ಅನುಮಾನಿಸಿ. ಅದರ ಕಥೆ ಮುಂದೆ ಬರುತ್ತದೆ.

ಇನ್ನೊಂದಿದೆ: ಏನೂ ಇಲ್ಲದ ಬಿಳಿ ಪುಟ. ದೋಷದ ಸಂದೇಶವೂ ಇಲ್ಲ. ಹೋಸ್ಟಿಂಗಿನ ಫೈಲ್ ಪಟ್ಟಿ ತೆರೆದು ಆ ಫೈಲಿನ ಗಾತ್ರ ನೋಡಿ. ಸೊನ್ನೆ ಬೈಟ್ ಇದ್ದರೆ ಅಪ್‌ಲೋಡ್ ಮಧ್ಯದಲ್ಲೇ ನಿಂತಿದೆ ಅಂತ ಅರ್ಥ. ಫೈಲಿನ ಹೆಸರು ಹೋಗಿ ಕೂತಿರುತ್ತದೆ, ಒಳಗಿನ ಬರಹ ಹೋಗಿರುವುದಿಲ್ಲ. ಜುಲೈಯಲ್ಲಿ ಅಪ್‌ಲೋಡ್ ಮಾಡುವಾಗ ಕರೆಂಟ್ ಹೋಗಿ ರೂಟರ್ ಆರಿದರೆ ಹೀಗೇ ಆಗುತ್ತದೆ. ನಮ್ಮಲ್ಲಿ ಎರಡು ಪುಟ ಹಾಗಿದ್ದವು. ಮತ್ತೆ ಕಳಿಸಿದೆ, ಸರಿಹೋಯಿತು.

ಚಿಕ್ಕಮ್ಮ ಕಳಿಸಿದ ಸ್ಕ್ರೀನ್‌ಶಾಟಿನಲ್ಲಿ ಇದ್ದದ್ದು 404.

ಎಷ್ಟು ಪುಟ, ಯಾರಿಗೆ, ಯಾವಾಗಿನಿಂದ

ಇಲ್ಲಿ ಅವಸರ ಮಾಡಬೇಡಿ. ಕೈ ತಡೆಯುವುದು ಕಷ್ಟ, ನನಗೆ ಗೊತ್ತು. ಆದರೆ ಮನಸ್ಸಿಗೆ ಬಂದ ಹಾಗೆ ಒಂದು ಫೈಲಿನ ಹೆಸರು ಬದಲಿಸಿದರೆ ಹಳೆಯ ದೋಷದ ಗುರುತು ಅಳಿಸಿಹೋಗುತ್ತದೆ, ಹೊಸದೊಂದು ಸೇರಿಕೊಳ್ಳುತ್ತದೆ. ಮೊದಲು ಇಡೀ ಫೋಲ್ಡರನ್ನು ಹಾಗೇ ಒಂದು ಪ್ರತಿ ಮಾಡಿ ಬೇರೆ ಕಡೆ ಇಡಿ. ಆಮೇಲೆ ಎಣಿಸಿ.

ಮುಖಪುಟ ತೆರೆದು ಒಳಗಿನದು ಒಂದೂ ತೆರೆಯದಿದ್ದರೆ ದೋಷ ಬರಹಗಳಲ್ಲಿ ಇಲ್ಲ. ವಿಳಾಸವನ್ನು ಒಳಗಿನ ಫೈಲಿಗೆ ಜೋಡಿಸುವ ಸರ್ವರ್ ನಿಯಮ ಕೆಲಸ ಮಾಡುತ್ತಿಲ್ಲ. ಅಪಾಚೆ ಸರ್ವರ್‌ನಿಂದ ಎಂಜಿನ್ಎಕ್ಸ್ ಸರ್ವರ್‌ಗೆ ಸೈಟ್ ಸಾಗಿಸಿದವರಿಗೆ ಇದು ಆಗುತ್ತದೆ, ಯಾಕೆಂದರೆ ಎಂಜಿನ್ಎಕ್ಸ್, ಅಪಾಚೆಗೆ ಸೂಚನೆ ಬರೆದಿಡುವ ಡಾಟ್ ಎಚ್‌ಟಿಆಕ್ಸೆಸ್ ಫೈಲನ್ನು ಓದುವುದೇ ಇಲ್ಲ. ವರ್ಡ್‌ಪ್ರೆಸ್ ಬಳಸುವವರು ಪರ್ಮಾಲಿಂಕ್ ಸೆಟ್ಟಿಂಗ್‌ಗೆ ಹೋಗಿ, ಏನೂ ಬದಲಿಸದೆ ಸುಮ್ನೆ ಒಮ್ಮೆ ಸೇವ್ ಒತ್ತಿ ನೋಡಿ. ನಿಯಮಗಳು ಹೊಸದಾಗಿ ಬರೆದುಕೊಳ್ಳುತ್ತವೆ. ಎಷ್ಟೋ ಸಲ ಅಷ್ಟಕ್ಕೇ ಸರಿಯಾಗುತ್ತದೆ.

ಒಂದೇ ಒಂದು ಪುಟ ಹಾಳಾಗಿದ್ದರೆ ಅದು ಹೆಚ್ಚಾಗಿ ಅಕ್ಷರ ತಪ್ಪು. ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ತೆರೆದು ಬೇರೆ ಯಾರಿಗೂ ತೆರೆಯದಿದ್ದರೆ, ಲಿಂಕಿನ ಒಳಗೆ ನಿಮ್ಮ ಕಂಪ್ಯೂಟರಿನ ಡ್ರೈವ್ ಹೆಸರು ಕೂತಿದೆಯಾ ನೋಡಿ. ನಿಮಗೆ ತೆರೆಯುತ್ತದೆ, ಯಾಕೆಂದರೆ ಫೈಲ್ ನಿಮ್ಮ ಮೇಜಿನ ಮೇಲೆಯೇ ಇದೆ. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ, ವೈಫೈ ತೆಗೆದು ಮೊಬೈಲ್ ಡೇಟಾದಲ್ಲಿ, ಒಮ್ಮೆ ತೆರೆದು ನೋಡಿ. ಹಳೆಯ ನೆನಪಿಲ್ಲದ ಬ್ರೌಸರ್ ಏನು ತೋರಿಸುತ್ತದೋ ಅದೇ ನಿಜ.

ನಮ್ಮದು ಈ ಯಾವುದಕ್ಕೂ ಹೊಂದಲಿಲ್ಲ. ಎಲ್ಲರಿಗೂ ತೊಂದರೆ ಇತ್ತು, ಆದರೆ ಎಲ್ಲ ಪುಟಕ್ಕೂ ಇರಲಿಲ್ಲ. ಜೂನ್‌ನಿಂದ ಇತ್ತು.

ಕಾಗದದ ಮೇಲೆ ಎರಡು ಸಾಲು

ಕರೆಂಟ್ ಇರಲಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿ ಉಳಿಸಬೇಕು ಅಂತ ಫೋನಿನಲ್ಲೇ ಒಂದೊಂದು ಲಿಂಕ್ ಒತ್ತಿ, ಕಾಗದದ ಮೇಲೆ ಬರೆದುಕೊಂಡೆ. ತೆರೆದದ್ದು ಎಡಕ್ಕೆ, ತೆರೆಯದ್ದು ಬಲಕ್ಕೆ.

ಎಡಗಡೆ ಪುಷ್ಪಗಿರಿ, ಬ್ರಹ್ಮಗಿರಿ, ಮಾಂದಲಪಟ್ಟಿ, ಮಲ್ಲಳ್ಳಿ, ಇರ್ಪು, ಅಬ್ಬಿ. ಬಲಗಡೆ ಕೋಟೆಬೆಟ್ಟ, ತಡಿಯಂಡಮೋಳ್, ನಿಶಾನಿಮೊಟ್ಟೆ, ತಲಕಾವೇರಿ, ಚೇಲಾವರ, ಮದ್ದುಸೊಪ್ಪು.

ಊರು ಬೇರೆ, ಬರೆದವರು ಬೇರೆ, ಬರೆದ ವರ್ಷ ಬೇರೆ. ಬೆಟ್ಟವೂ ಇದೆ, ಜಲಪಾತವೂ ಇದೆ, ಅಡುಗೆಯೂ ಇದೆ. ಹೊಂದುವುದು ಏನು? ಸುಮಾರು ಹೊತ್ತು ನೋಡಿದೆ. ನೀವೂ ಆ ಎರಡು ಸಾಲನ್ನು ಇನ್ನೊಮ್ಮೆ ಓದಿ. ಅರ್ಥ ಬಿಟ್ಟು ಅಕ್ಷರ ಮಾತ್ರ ನೋಡಿ.

ಬಲಗಡೆಯ ಪ್ರತಿ ಹೆಸರಿನಲ್ಲೂ ಒತ್ವವೋ, ಓತ್ವವೋ, ಏತ್ವವೋ ಇದೆ. ಕೋ, ಮೋ, ಮೊ, ವೇ, ಚೇ, ಸೊ. ಎಡಗಡೆ ಒಂದರಲ್ಲೂ ಇಲ್ಲ.

ಕಾರಣ ಯೂನಿಕೋಡ್ ಒಳಗಿದೆ, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ಗುರುತಿಸುವ ಪದ್ಧತಿಯೊಳಗೆ. ಕನ್ನಡದ ಐದು ಸ್ವರಚಿಹ್ನೆಗಳನ್ನು ಕಂಪ್ಯೂಟರ್ ಎರಡು ಬಗೆಯಲ್ಲಿ ಬರೆಯಬಹುದು: ೀ, ೇ, ೈ, ೊ, ೋ. ಉದಾಹರಣೆಗೆ 'ಸೊ' ಬರೆಯಲು 'ಸ'ದ ಮುಂದೆ ೊ ಅನ್ನುವ ಒಂದೇ ಚಿಹ್ನೆ ಇಡಬಹುದು. ಇಲ್ಲವೇ ೆ ಮತ್ತು ೂ ಅನ್ನುವ ಎರಡು ಚಿಹ್ನೆಗಳನ್ನು ಪಕ್ಕಪಕ್ಕ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತದೆ. ನಾವು ಮಗ್ಗಿ ಪುಸ್ತಕ ಹಿಡಿದು ಕಾಗುಣಿತ ಕಲಿತಾಗಲೂ ಎತ್ವ ಕೊಟ್ಟು, ಪಕ್ಕದಲ್ಲಿ ಕೊಂಬು ಇಳಿಸಿ ಒತ್ವ ಮಾಡಿದ್ದೇವೆ ಅಲ್ವಾ? ಅದೇ ಬಗೆ. ನಮ್ಮ ಕಣ್ಣಿಗೆ ಒಂದೇ ಅಕ್ಷರ. ಸರ್ವರ್ ಕಣ್ಣಿಗೆ ಎರಡು ಬೇರೆ ಹೆಸರು. (ೌ ಒಂದಕ್ಕೆ ಈ ತೊಂದರೆ ಇಲ್ಲ. ಅದನ್ನು ಬಿಡಿಸಿ ಬರೆಯುವ ಬಗೆ ಯೂನಿಕೋಡ್‌ನಲ್ಲಿ ಇಟ್ಟಿಲ್ಲ.)

ಹೋಸ್ಟಿಂಗ್ ಬದಲಿಸುವಾಗ ಫೈಲುಗಳನ್ನು ಒಬ್ಬ ಸದಸ್ಯರ ಹಳೆಯ ಕಂಪ್ಯೂಟರಿಗೆ ಇಳಿಸಿಕೊಂಡು, ಅಲ್ಲಿಂದ ಹೊಸ ಸರ್ವರ್‌ಗೆ ಏರಿಸಿದ್ದೆವು. ಕೆಲವು ಹಳೆಯ ಫೈಲ್ ವ್ಯವಸ್ಥೆಗಳು ಹೆಸರಿನಲ್ಲಿ ಒಂದಾಗಿರುವ ಚಿಹ್ನೆಯನ್ನು ಬಿಡಿಸಿಯೇ ಇಟ್ಟುಕೊಳ್ಳುತ್ತವೆ. ಯಾರ ತಪ್ಪೂ ಅಲ್ಲ, ಅವು ಇರುವುದೇ ಹಾಗೆ. ಆದರೆ ಬಿಡಿಸುವುದು ಫೈಲಿನ ಹೆಸರನ್ನು ಮಾತ್ರ. ಮುಖಪುಟದ ಒಳಗೆ ಬರೆದಿರುವ ಲಿಂಕನ್ನು ಮುಟ್ಟುವುದಿಲ್ಲ. ಹಾಗಾಗಿ ಲಿಂಕ್ ಕೂಡಿದ ೊ ಹುಡುಕುತ್ತದೆ, ಸರ್ವರ್‌ನಲ್ಲಿರುವುದು ಬಿಡಿಸಿದ ೊ. ಇಬ್ಬರೂ ಮದ್ದುಸೊಪ್ಪು ಅಂತಲೇ ಹೇಳುತ್ತಿದ್ದಾರೆ, ಒಬ್ಬರಿಗೊಬ್ಬರು ಸಿಗುತ್ತಿಲ್ಲ.

ಇದು ಬರಿಯ ಊಹೆ ಆಗಬಾರದು ಅಂತ ಎಣಿಸಿ ನೋಡಿದೆ. ಕನ್ನಡ ವಿಳಾಸವನ್ನು ಬ್ರೌಸರಿನಿಂದ ನಕಲು ಮಾಡಿ ನೋಟ್‌ಪ್ಯಾಡಿಗೆ ಹಾಕಿದರೆ ಶೇಕಡಾ ಚಿಹ್ನೆಗಳ ಉದ್ದ ಸಾಲು ಬರುತ್ತದೆ. ಅದು ಕೆಟ್ಟಿರುವುದಲ್ಲ. ಒಂದು ಕನ್ನಡ ಚಿಹ್ನೆಗೆ ಮೂರು ಬೈಟ್, ಒಂದು ಬೈಟ್ ಬರೆಯಲು ಶೇಕಡಾ ಗುರುತೂ ಸೇರಿ ಮೂರು ಅಕ್ಷರ. ಅಂದರೆ ಒಂದು ಚಿಹ್ನೆಗೆ ಒಂಬತ್ತು ಅಕ್ಷರ. ಮದ್ದುಸೊಪ್ಪು ಬರೆಯಲು ಹನ್ನೊಂದು ಚಿಹ್ನೆ ಬೇಕು: ಮ, ದ, ವಿರಾಮ (ಅರ್ಧಾಕ್ಷರ ಮಾಡುವ ಗುರುತು), ದ, ಉತ್ವ, ಸ, ಒತ್ವ, ಪ, ವಿರಾಮ, ಪ, ಉತ್ವ. ಒಟ್ಟು 99 ಅಕ್ಷರ ಬರಬೇಕು. ಮುಖಪುಟದ ಲಿಂಕಿನಲ್ಲಿ 99 ಇತ್ತು. ಹೋಸ್ಟಿಂಗಿನ ಫೈಲ್ ಪಟ್ಟಿಯಿಂದ ನೇರವಾಗಿ ತೆರೆದಾಗ ಬಂದ ವಿಳಾಸದಲ್ಲಿ 108. ಒಂಬತ್ತು ಜಾಸ್ತಿ, ಸರಿಯಾಗಿ ಒಂದು ಚಿಹ್ನೆ ಜಾಸ್ತಿ.

ಎಣಿಸುವುದು ಬೇಡ ಅಂದರೆ ಇನ್ನೊಂದು ದಾರಿ ಇದೆ. ಆ ಸಾಲಿನಲ್ಲಿ ಕೂಡಿದ ೊ ಇದ್ದರೆ 'ಇ0, ಬಿ3, 8ಎ' ಅಂತ ಬರುತ್ತದೆ. ಬಿಡಿಸಿದ್ದಾದರೆ 'ಇ0, ಬಿ3, 86' ಆದಮೇಲೆ 'ಇ0, ಬಿ3, 82'. ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಶೇಕಡಾ ಗುರುತಿನ ಜೊತೆ ಇರುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಆಮೇಲೆ ಗುರುತಿಸುವುದು ಸುಲಭ.

ಇದೇ ಜಾತಿಯ ಇನ್ನೊಂದು ದೋಷ ಇದೆ. 'ವೆಬ್‌ಸೈಟ್' ಅಂತ ಒಡೆದು ಬರೆಯಲು ನಾವು ನಡುವೆ ಕಾಣದ ಒಂದು ಚಿಹ್ನೆ ಹಾಕುತ್ತೇವಲ್ಲ, ಅದು ಕೆಲವು ಸಲ ಹೆಸರಿನ ಕೊನೆಯಲ್ಲೂ ಉಳಿದುಬಿಡುತ್ತದೆ. ತಡಿಯಂಡಮೋಳ್ ಥರ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರಿನ ಕೊನೆಯಲ್ಲಿ ಅದು ಕೂತರೆ ಕಣ್ಣಿಗೆ ಕಾಣುವುದೇ ಇಲ್ಲ. ಅಲ್ಲೂ ಒಂಬತ್ತು ಅಕ್ಷರ ಹೆಚ್ಚು ಬರುತ್ತದೆ, ಎಣಿಸಿದರೆ ಸಿಕ್ಕಿಬೀಳುತ್ತದೆ.

ಸರಿ ಮಾಡಿದ ಬಗೆ

ಫೈಲ್ ಹೆಸರನ್ನು ಸರಿಮಾಡಬೇಕೋ, ಲಿಂಕನ್ನು ಬದಲಿಸಬೇಕೋ? ಮುಖಪುಟದ ಲಿಂಕುಗಳನ್ನು ಬದಲಿಸಿದರೆ ಸೈಟಿನ ಒಳಗೆ ಎಲ್ಲ ಸರಿ ಕಾಣುತ್ತದೆ. ಆದರೆ ಹಳೆಯ ವಿಳಾಸ ಎಷ್ಟೋ ಜನರ ವಾಟ್ಸಾಪ್‌ನಲ್ಲಿ ಇದೆ, ಮನೆಯವರ ಗುಂಪುಗಳಲ್ಲಿ ಇದೆ, ಹುಡುಕುತಾಣಗಳಲ್ಲಿ ಇದೆ. ಅದನ್ನು ನಾವು ಹೋಗಿ ತಿದ್ದಲು ಆಗುವುದಿಲ್ಲ. ವೆಬ್ ರೂಪಿಸಿದ ಟಿಮ್ ಬರ್ನರ್ಸ್ ಲೀ ಅವರು, ಒಳ್ಳೆಯ ವಿಳಾಸ ಬದಲಾಗುವುದಿಲ್ಲ ಅಂತ 1998ರಲ್ಲೇ ಬರೆದಿದ್ದರು. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಜನರಿಗೆ ಒಮ್ಮೆ ಕೊಟ್ಟ ವಿಳಾಸವೇ ಉಳಿಯಬೇಕು, ಫೈಲ್ ಅದಕ್ಕೆ ಹೊಂದಬೇಕು.

ಎರಡು ಮೂರು ಫೈಲ್ ಆದರೆ ಹೋಸ್ಟಿಂಗಿನ ಫೈಲ್ ಪಟ್ಟಿಯಲ್ಲೇ ಹೆಸರು ಅಳಿಸಿ, ಮುಖಪುಟದ ಲಿಂಕಿನಿಂದ ನಕಲು ಮಾಡಿದ ಹೆಸರನ್ನು ಹಾಕಿ. ಹೊಸದಾಗಿ ಟೈಪ್ ಮಾಡುವುದಕ್ಕಿಂತ ನಕಲು ಮಾಡುವುದೇ ಒಳ್ಳೆಯದು. ನನ್ನದು ಮೂವತ್ತು ದಾಟಿತ್ತು. ಎಲ್ಲವನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದೆ. ಅದರಲ್ಲಿ ಯೂನಿಕೋಡ್‌ಡೇಟಾ ಅನ್ನುವ ಭಾಗ ಮೊದಲೇ ಇರುತ್ತದೆ, ಅದರ ನಾರ್ಮಲೈಸ್‌ಗೆ 'ಎನ್ಎಫ್‌ಸಿ' ಅಂತ ಹೇಳಿದರೆ ಬಿಡಿಸಿದ ಚಿಹ್ನೆಗಳನ್ನೆಲ್ಲ ಕೂಡಿಸಿ ಕೊಡುತ್ತದೆ. ಆಮೇಲೆ ಮತ್ತೆ ಏರಿಸಿದೆ.

ಏರಿಸಿದ ಮೇಲೆ ಫೈಲ್ ಪಟ್ಟಿ ನೋಡಿದರೆ ಕೋಟೆಬೆಟ್ಟದ ಪಕ್ಕದಲ್ಲಿ ಕೋಟೆಬೆಟ್ಟ, ತಲಕಾವೇರಿಯ ಪಕ್ಕದಲ್ಲಿ ತಲಕಾವೇರಿ. ಒಂದೇ ಹೆಸರಿನ ಎರಡೆರಡು ಫೈಲ್. ಗಾಬರಿ ಬೇಡ. ಹಳೆಯ ಬಿಡಿಸಿದ ಹೆಸರು ಹಾಗೇ ಇದೆ, ಹೊಸದು ಪಕ್ಕದಲ್ಲಿ ಬಂದು ಕೂತಿದೆ. ದಿನಾಂಕ ನೋಡಿ ಹಳೆಯದನ್ನು ಅಳಿಸಿ. ಉಳಿಸಿಕೊಂಡರೆ ಮುಂದೊಂದು ದಿನ ಯಾರಾದರೂ ತಪ್ಪು ಪ್ರತಿಯನ್ನು ತಿದ್ದುತ್ತಾರೆ.

ಇನ್ನೊಂದು ತೊಡಕು ಇತ್ತು. ನಡುವೆ ನಮ್ಮ ಸದಸ್ಯರೊಬ್ಬರು ನಾಲ್ಕು ಪುಟ ಕೆಟ್ಟಿರುವುದನ್ನು ಗಮನಿಸಿ, ಅವಕ್ಕೆ ಇಂಗ್ಲಿಷ್ ಅಕ್ಷರದ ಹೆಸರಿಟ್ಟು ಗುಂಪಿನಲ್ಲಿ ಹಂಚಿಬಿಟ್ಟಿದ್ದರು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ. ಈಗ ಆ ನಾಲ್ಕು ವಿಳಾಸವೂ ಜನರ ಕೈಯಲ್ಲಿತ್ತು, ಅವೂ ಕೆಲಸ ಮಾಡಬೇಕು. ಅದಕ್ಕೆ ರೀಡೈರೆಕ್ಟ್, ಅಂದರೆ ಒಂದು ವಿಳಾಸಕ್ಕೆ ಬಂದವರನ್ನು ಇನ್ನೊಂದಕ್ಕೆ ಕಳಿಸುವ ಸೂಚನೆ. ಅಪಾಚೆ ಸರ್ವರ್ ಆದರೆ ಡಾಟ್ ಎಚ್‌ಟಿಆಕ್ಸೆಸ್ ಫೈಲಿನಲ್ಲಿ ಒಂದು ಪುಟಕ್ಕೆ ಒಂದು ಸಾಲು: ರೀಡೈರೆಕ್ಟ್ ಅನ್ನುವ ಪದ, ಸಂಖ್ಯೆ, ಬಿಟ್ಟುಕೊಡುವ ದಾರಿ, ಹೋಗಬೇಕಾದ ದಾರಿ. ನಡುವೆ ಒಂದೊಂದು ಜಾಗ. ದಾರಿ ಸ್ಲ್ಯಾಶ್‌ನಿಂದ ಶುರುವಾಗಬೇಕು. ಸಂಖ್ಯೆ ಮೊದಲು 302 ಹಾಕಿ, ಅದು ತಾತ್ಕಾಲಿಕ. ಸರಿಯಾಗಿದೆ ಅಂತ ಖಾತ್ರಿಯಾದ ಮೇಲೆ ಕಾಯಂ ಆದ 301 ಮಾಡಿ. ಮೊದಲೇ 301 ಹಾಕಿ ದಾರಿ ತಪ್ಪು ಬರೆದಿದ್ದರೆ ಬ್ರೌಸರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ನೀವು ತಿದ್ದಿದ ಮೇಲೂ ಬಂದವರನ್ನು ತಪ್ಪು ಜಾಗಕ್ಕೇ ಕಳಿಸುತ್ತಿರುತ್ತದೆ.

ಮೇಲೆ ಹೇಳಿದ 500ರ ಕಥೆ ಇಲ್ಲೇ ಆದದ್ದು. ದಾರಿ ಕನ್ನಡದಲ್ಲಿ ಇದ್ದದ್ದರಿಂದ ಆ ಫೈಲನ್ನು ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಬಗೆ) ಆಗಿ ಉಳಿಸಿದೆ. ಉಳಿಸಿದ ಕೂಡಲೇ ಇಡೀ ಸೈಟ್ 500 ತೋರಿಸಿತು, ಮುಖಪುಟವೂ ಹೋಯಿತು. ಕೆಲವು ಹಳೆಯ ಎಡಿಟರುಗಳು ಯುಟಿಎಫ್-8 ಫೈಲಿನ ತಲೆಯಲ್ಲಿ ಕಾಣದ ಮೂರು ಬೈಟ್ ಸೇರಿಸುತ್ತವೆ. ಅದಕ್ಕೆ ಬಾಮ್ ಅನ್ನುತ್ತಾರೆ. ಸರ್ವರ್ ಅದನ್ನು ಮೊದಲ ಸಾಲಿನ ಆಜ್ಞೆಯ ಭಾಗ ಅಂತ ಓದಿ, ಇಂಥ ಆಜ್ಞೆಯೇ ಇಲ್ಲ ಅಂತ ಕೈಚೆಲ್ಲುತ್ತದೆ. ಬಾಮ್ ಇಲ್ಲದ ಯುಟಿಎಫ್-8 ಅಂತ ಆರಿಸಿ ಉಳಿಸಿದರೆ ಸರಿ. ಇಂಥ ಹೊತ್ತಿಗೆ ಅಂತಲೇ ಮುಟ್ಟುವ ಮೊದಲು ಆ ಫೈಲಿನ ಪ್ರತಿ ಇಟ್ಟುಕೊಂಡಿರಿ.

ಸಿಗದ ಪುಟಗಳನ್ನೆಲ್ಲ ಮುಖಪುಟಕ್ಕೆ ಕಳಿಸಿಬಿಡಿ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಪಾಯಸದ ಅಳತೆ ಹುಡುಕಿ ಬಂದವರಿಗೆ ಮುಖಪುಟದಲ್ಲಿ ಚಾರಣದ ಫೋಟೋ ಕಂಡರೆ ಏನು ಪ್ರಯೋಜನ? ನಿಮಗೂ ದೋಷ ಇರುವುದು ಗೊತ್ತಾಗುವುದಿಲ್ಲ.

ಇನ್ನು ಚಿಕ್ಕ ಪುಟ್ಟವು. ವಿಂಡೋಸ್‌ನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ ಅಂತ ನಡೆಯುತ್ತದೆ, ಲಿನಕ್ಸ್ ಸರ್ವರ್‌ನಲ್ಲಿ ನಡೆಯುವುದಿಲ್ಲ. ಕ್ಯಾಮೆರಾದಿಂದ ಬಂದ ಫೋಟೋ ಹೆಸರು ದೊಡ್ಡಕ್ಷರದ ಜೆಪಿಜಿಯಲ್ಲಿ ಮುಗಿದು, ಲಿಂಕಿನಲ್ಲಿ ಚಿಕ್ಕಕ್ಷರ ಇದ್ದರೆ ಫೋಟೋ ಕಾಣುವುದಿಲ್ಲ. ಹೆಸರಿನ ನಡುವೆ ಜಾಗ ಬಿಡಬೇಡಿ, ಅಡ್ಡಗೆರೆ ಹಾಕಿ. ವಾಟ್ಸಾಪ್‌ನಲ್ಲಿ ಲಿಂಕಿಗೆ ಅಂಟಿಸಿ "ನೋಡಿ" ಅಂತ ಬರೆದರೆ ಅದೂ ವಿಳಾಸದ ಒಳಗೆ ಸೇರಿಕೊಳ್ಳುತ್ತದೆ, ಜಾಗ ಬಿಟ್ಟು ಬರೆಯಿರಿ. ಹೊರಗಿನ ಫೋಟೋ ಸೇವೆಗೆ ಕೊಟ್ಟ ಲಿಂಕುಗಳು ಆ ಸೇವೆ ಮುಚ್ಚಿದರೆ ಹೋದವೇ. ಹಾಗೆ ಕಳೆದುಹೋದ ಪುಟ ಹುಡುಕಲು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಹಳೆಯ ವಿಳಾಸ ಹಾಕಿ ನೋಡಿ. ನಮಗೆ ಅಲ್ಲಿ ಎರಡು ಬರಹ ಪೂರ್ತಿ ಸಿಕ್ಕವು.

ಹೊಸ ಬರಹಗಳ ಫೈಲಿಗೆ ಈಗ ಚಿಕ್ಕ ಇಂಗ್ಲಿಷ್ ಅಕ್ಷರದಲ್ಲೇ ಹೆಸರಿಡುತ್ತಿದ್ದೇವೆ. ಮನಸ್ಸಿಗೆ ಸ್ವಲ್ಪ ಬೇಸರವೇ. ವಿಳಾಸದಲ್ಲೂ ಕನ್ನಡ ಕಂಡರೆ ಚೆಂದ. ಆದರೆ ಫೈಲುಗಳು ಎಷ್ಟೋ ಜನರ ಕಂಪ್ಯೂಟರುಗಳ ಮೂಲಕ ಹಾದುಹೋಗುವ ಸಂಘಕ್ಕೆ ಇದು ಕ್ಷೇಮ. ಪುಟದ ಒಳಗೆ, ಶೀರ್ಷಿಕೆಯಲ್ಲಿ, ಎಲ್ಲ ಕಡೆ ಕನ್ನಡವೇ ಇದೆ.

ಪರೀಕ್ಷೆ

ಮುಖಪುಟದಿಂದ ಲಿಂಕ್ ಒತ್ತಿ ನೋಡುವುದು ಪರೀಕ್ಷೆಯಲ್ಲ. ಜೂನ್‌ನಲ್ಲಿ ನಾನು ಮಾಡಿದ್ದು ಅದೇ, ಅದೂ ನಾಲ್ಕೇ ಪುಟ. ಎಲ್ಲ ಲಿಂಕನ್ನೂ ಒತ್ತಿ ನೋಡುವ ಸಾಧನಗಳಿವೆ, ಡಬ್ಲ್ಯು3ಸಿ ಸಂಸ್ಥೆಯ ಲಿಂಕ್ ಚೆಕರ್ ಉಚಿತವಾಗಿ ಸಿಗುತ್ತದೆ. ಅದು ಸೈಟಿನ ಒಳಗಿನ ಲಿಂಕುಗಳನ್ನು ನೋಡುತ್ತದೆ. ಹೊರಗೆ ಜನರ ಕೈಯಲ್ಲಿರುವ ವಿಳಾಸ ಗೊತ್ತಾಗಬೇಕಾದರೆ ಸರ್ವರ್‌ನ ಆಕ್ಸೆಸ್ ಲಾಗ್ ತೆರೆದು 404 ಇರುವ ಸಾಲುಗಳನ್ನು ಓದಿ. ಯಾರೋ ಕೇಳಿದ್ದಾರೆ, ನಾವು ಕೊಟ್ಟಿಲ್ಲ ಅನ್ನುವುದರ ಪಟ್ಟಿ ಅದು. ನಮ್ಮ ಲಾಗಿನಲ್ಲಿ ಆಗಸ್ಟ್ 3ರ ಬೆಳಿಗ್ಗೆ ಒಂದರ ಕೆಳಗೊಂದು ಮದ್ದುಸೊಪ್ಪೇ ಇತ್ತು. ಐದೂವರೆಯಿಂದಲೇ ಶುರುವಾಗಿತ್ತು. ಅಷ್ಟು ಜನ ಬಂದು ಹಾಗೇ ಹೋಗಿದ್ದರು. ನೋಡಿ ತುಂಬ ನೋವಾಯಿತು.

ಮಿಕ್ಕದ್ದಕ್ಕೆ ಒಂದು ವಾರ ಹಿಡಿಯಿತು. ಆ ಒಂದು ಪುಟವನ್ನು ಮಾತ್ರ ಅವತ್ತೇ ಕೈಯಲ್ಲಿ ಹೆಸರು ತಿದ್ದಿ ಸರಿ ಮಾಡಿದೆ. ಕರೆಂಟ್ ಬಂದಾಗ ಮಧ್ಯಾಹ್ನ ಎರಡೂವರೆ. ಚಿಕ್ಕಮ್ಮನಿಗೆ ಹೊಸ ಲಿಂಕ್ ಕಳಿಸಲಿಲ್ಲ. ಹೋದ ವರ್ಷದ ಮೆಸೇಜಿನಲ್ಲಿರುವ ಲಿಂಕನ್ನೇ ಇನ್ನೊಮ್ಮೆ ಒತ್ತಿ ಅಂದೆ.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಬಂತು ಬಂತು. ಬೆಲ್ಲ ಎಷ್ಟು ಅಂತ ಮಾತ್ರ ಬೇಕಿತ್ತು. ಸೊಪ್ಪು ಆಗಲೇ ಒಲೆ ಮೇಲಿದೆ."